ಪ್ಯಾರಿಸ್‌ನಿಂದ ನೀಸ್‌ಗೆ ಕಾರಿನಲ್ಲಿ: ಫ್ರಾನ್ಸ್‌ನ ದೂರದ ದಾರಿ ಯೋಜಿಸುವ ಸಮಗ್ರ ಮಾರ್ಗದರ್ಶಿ

ಫೋನಿನಲ್ಲಿ ಪ್ಯಾರಿಸ್‌ನಿಂದ ನೀಸ್‌ಗೆ ದಾರಿ ಕೇಳಿದರೆ ಸುಮಾರು 930 ಕಿಲೋಮೀಟರ್, ಒಂಬತ್ತು ಗಂಟೆ ಚಿಲ್ಲರೆ ಎಂದು ತೋರಿಸುತ್ತದೆ. ಅದನ್ನು ನಂಬಿ ಅದೇ ರಾತ್ರಿಗೆ ನೀಸ್‌ನಲ್ಲಿ ಕೋಣೆ ಕಾದಿರಿಸಿದವರು ಜುಲೈ ಕೊನೆಯ ಶನಿವಾರ ಸಂಜೆ ಏಳಕ್ಕೆ ಇನ್ನೂ ವಾಲಾನ್ಸ್ ಹತ್ತಿರ ಸಾಲಿನಲ್ಲಿ ನಿಂತಿರುತ್ತಾರೆ. ಮಕ್ಕಳು ಹಿಂದಿನ ಸೀಟಿನಲ್ಲಿ ಹಸಿದು ಕೂತಿರುತ್ತಾರೆ, ಟೋಲ್ ಯಂತ್ರ ಕಾರ್ಡನ್ನು ಹೊರಗೆ ಉಗುಳಿರುತ್ತದೆ. ಎಡವಟ್ಟು ಆಗುವುದು ಬಹುಮಟ್ಟಿಗೆ ಕ್ರಮ ತಪ್ಪಿದ್ದರಿಂದ. ಮೊದಲು ದಿನ, ಆಮೇಲೆ ದಾರಿ, ಅದಾದ ಮೇಲೆ ರಾತ್ರಿ ತಂಗುವ ಊರು, ಕೊನೆಗೆ ಫೋನು. ಈ ಕ್ರಮವನ್ನೇ ಕೆಳಗೆ ಹಂತಹಂತವಾಗಿ ಕೊಟ್ಟಿದೆ. ಉದಾಹರಣೆಗೆ ಪ್ಯಾರಿಸ್–ನೀಸ್ ದಾರಿಯನ್ನೇ ಹಿಡಿದಿದ್ದರೂ ಬೋರ್ದೋಗೆ ಹೋಗುವವರಿಗೂ ಬ್ರಿಟನಿಗೆ ಹೋಗುವವರಿಗೂ ಲೆಕ್ಕ ಒಂದೇ.

ಹಂತ 1: ದಾರಿಗಿಂತ ಮೊದಲು ದಿನ ಆರಿಸಿ

ಫ್ರೆಂಚ್ ಸರ್ಕಾರದ ಸಂಚಾರ ಮಾಹಿತಿ ಸೇವೆಗೆ ಬಿಜೋಂ ಫ್ಯೂತೆ ಎಂದು ಹೆಸರು. ವರ್ಷದ ಯಾವ ದಿನ ರಸ್ತೆಗಳಲ್ಲಿ ಎಷ್ಟು ದಟ್ಟಣೆ ಎಂಬ ಪಂಚಾಂಗವನ್ನು ಅದು ಮುಂಚಿತವಾಗಿಯೇ ಪ್ರಕಟಿಸುತ್ತದೆ. ಹಸಿರು ಸಾಮಾನ್ಯ ದಿನ, ಕಿತ್ತಳೆ ಕಷ್ಟ, ಕೆಂಪು ತುಂಬ ಕಷ್ಟ, ಕಪ್ಪು ಅತಿ ಕಷ್ಟ. ನಗರ ಬಿಟ್ಟು ಹೊರಡುವವರಿಗೆ ಒಂದು ಬಣ್ಣ, ನಗರಕ್ಕೆ ಮರಳುವವರಿಗೆ ಇನ್ನೊಂದು ಬಣ್ಣ ಇರುತ್ತದೆ, ಎರಡನ್ನೂ ನೋಡಬೇಕು. ಜುಲೈ ಕೊನೆ–ಆಗಸ್ಟ್ ಮೊದಲ ವಾರಾಂತ್ಯದಲ್ಲಿ ಜುಲೈ ರಜೆಯವರು ಹಿಂದಿರುಗುತ್ತಾರೆ, ಆಗಸ್ಟ್ ರಜೆಯವರು ಹೊರಡುತ್ತಾರೆ. ಆ ಶನಿವಾರ, ಲಿಯೋಂನಿಂದ ದಕ್ಷಿಣಕ್ಕೆ ಇಳಿಯುವ ಎ7 ಹೆದ್ದಾರಿಯ ಎರಡೂ ದಿಕ್ಕು ತುಂಬಿ ತುಳುಕುತ್ತದೆ. ಆ ದಿನ ದೂರ ಓಡಿಸಬೇಡಿ ಎಂಬುದಕ್ಕಿಂತ ಬೇರೆ ಸಲಹೆ ಇಲ್ಲ.

ಅಲ್ಲಿನ ರಜಾ ಮನೆಗಳ ಬಾಡಿಗೆ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ. ಆದ್ದರಿಂದ ಬೇಸಿಗೆಯಲ್ಲಿ ಶನಿವಾರವೇ ಕೆಟ್ಟ ದಿನ. ಫೆಬ್ರವರಿ ಶಾಲಾ ರಜೆಯಲ್ಲಿ ಇದೇ ಕಥೆ ಆಲ್ಪ್ಸ್ ಕಡೆ: ಲಿಯೋಂನಿಂದ ಶಾಂಬೇರಿಗೆ ಹೋಗುವ ಎ43, ಅಲ್ಲಿಂದ ಮುಂದೆ ಆಲ್ಬರ್‌ವಿಲ್ ದಾಟಿದ ಮೇಲೆ ಸಿಗುವ ಎನ್90. ಫ್ರಾನ್ಸ್‌ನ ಶಾಲೆಗಳು ಎ, ಬಿ, ಸಿ ಎಂಬ ಮೂರು ವಲಯಗಳಾಗಿ ಬೇರೆಬೇರೆ ವಾರ ರಜೆ ಕೊಡುತ್ತವೆ. ಎರಡು ವಲಯದ ರಜೆ ಒಂದರ ಮೇಲೊಂದು ಬಿದ್ದ ವಾರವನ್ನು ಬಿಟ್ಟುಬಿಡಿ.

ಮಂಗಳವಾರ, ಬುಧವಾರ ಒಳ್ಳೆಯವು. ರಜೆಯ ಗದ್ದಲ ಇಲ್ಲದ ಭಾನುವಾರ ಇನ್ನೂ ಒಳ್ಳೆಯದು, ಏಕೆಂದರೆ ಏಳೂವರೆ ಟನ್‌ಗಿಂತ ಭಾರದ ಲಾರಿಗಳಿಗೆ ಶನಿವಾರ ರಾತ್ರಿ 10ರಿಂದ ಭಾನುವಾರ ರಾತ್ರಿ 10ರವರೆಗೆ ನಿಷೇಧವಿದೆ. ಬಲ ಪಥ ಖಾಲಿ ಇರುವ ಹೆದ್ದಾರಿ ಬೇಕೆಂದರೆ ಅದೇ ದಿನ. ಮೇ ತಿಂಗಳಲ್ಲಿ ಎಚ್ಚರ: 1 ಮತ್ತು 8ನೇ ತಾರೀಖು ಸಾರ್ವಜನಿಕ ರಜೆ, ಗುರುವಾರ ಬರುವ ಅಸೆನ್ಷನ್ ಹಬ್ಬ ಕೂಡ ಸಾಮಾನ್ಯವಾಗಿ ಅದೇ ತಿಂಗಳು. ಗುರುವಾರದ ಜೊತೆ ಶುಕ್ರವಾರವನ್ನೂ ಸೇರಿಸಿಕೊಂಡು ನಾಲ್ಕು ದಿನ ಊರು ಬಿಡುವುದು ಅಲ್ಲಿನವರಿಗೆ ಪದ್ಧತಿ.

ಹಂತ 2: ಬೆನ್ನೆಲುಬಿನಂಥ ಹೆದ್ದಾರಿ ಗುರುತಿಸಿ

ಈಗ ನಕ್ಷೆ ತೆಗೆಯಿರಿ. ಫೋನಿನ ನಕ್ಷೆಗಿಂತ ಇಡೀ ದೇಶ ಒಂದೇ ನೋಟಕ್ಕೆ ಸಿಗುವ ಮಿಶೆಲಿನ್ ಕಾಗದದ ನಕ್ಷೆ ಈ ಹಂತಕ್ಕೆ ಮೇಲು. ರಸ್ತೆಗಳು ಮೂರು ಬಗೆ. ಎ ಎಂದರೆ ಹೆದ್ದಾರಿ, ಎನ್ ಎಂದರೆ ರಾಷ್ಟ್ರೀಯ ರಸ್ತೆ, ಡಿ ಎಂದರೆ ಜಿಲ್ಲಾಡಳಿತದ ರಸ್ತೆ. ಹಸಿರು ಚೌಕದಲ್ಲಿ ಇ ಅಕ್ಷರದ ಸಂಖ್ಯೆ ಕಂಡರೆ ಅದು ಯೂರೋಪಿನ ಸಂಖ್ಯೆ, ಅದನ್ನು ಮರೆತುಬಿಡಿ.

ದಕ್ಷಿಣಕ್ಕೆ ಹೋಗುವವರಿಗೆ ಮುಖ್ಯವಾದ ಗಂಟು ಬರ್ಗಂಡಿಯ ಬೋನ್ ಎಂಬ ಪುಟ್ಟ ಊರು. ಪ್ಯಾರಿಸ್‌ನಿಂದ ಬರುವ ಎ6, ಲಕ್ಸೆಂಬರ್ಗ್–ನಾನ್ಸಿ ಕಡೆಯಿಂದ ಬರುವ ಎ31, ಜರ್ಮನಿಯ ಗಡಿಯ ಮ್ಯುಲೂಸ್ ಕಡೆಯಿಂದ ಬರುವ ಎ36, ಮೂರೂ ಇಲ್ಲಿ ಕೂಡುತ್ತವೆ. ಉತ್ತರ ಯೂರೋಪಿನ ರಜೆಯ ಕಾರುಗಳೆಲ್ಲ ಬೋನ್‌ನಲ್ಲಿ ಸೇರಿ, ಒಟ್ಟಾಗಿ ಲಿಯೋಂಗೆ ಇಳಿದು, ಅಲ್ಲಿಂದ ರೋನ್ ಕಣಿವೆಯ ಎ7ಗೆ ನುಗ್ಗುತ್ತವೆ. ಎ7 ಏಕೆ ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ನಕ್ಷೆಯ ಈ ಗಂಟೇ ಉತ್ತರ.

ನೀವು ಎಲ್ಲಿಂದ ಹೊರಡುತ್ತೀರಿ ಎಂಬುದರ ಮೇಲೆ ದಾರಿ ಹೀಗೆ ಬದಲಾಗುತ್ತದೆ:

ಚಾರ್ಲ್ಸ್ ಡಿ ಗಾಲ್ ವಿಮಾನ ನಿಲ್ದಾಣದಲ್ಲಿ ಕಾರು ತೆಗೆದುಕೊಂಡವರು ಪ್ಯಾರಿಸ್ ಒಳಗೆ ಕಾಲಿಡಬಾರದು. ನಗರದ ಪೂರ್ವಕ್ಕೆ ದೂರದಲ್ಲಿ ಸುತ್ತುವ ಫ್ರಾನ್ಸಿಲಿಯೆನ್ ವರ್ತುಲ, ಅಂದರೆ ಎ104 ಮತ್ತು ಅದರ ಮುಂದುವರಿಕೆ ಎನ್104, ಹಿಡಿದು ಎ6 ಅಥವಾ ಎ5 ಸೇರಿ. ಎ5 ಹಿಡಿದವರು ಸಾನ್ಸ್ ಬಳಿ ಎ19ಕ್ಕೆ ಹೊರಳಿದರೆ ಮತ್ತೆ ಎ6 ಸಿಗುತ್ತದೆ. ಫೋನು ಹತ್ತು ನಿಮಿಷ ಉಳಿಯುತ್ತದೆ ಎಂದು ಪ್ಯಾರಿಸ್‌ನ ಒಳವರ್ತುಲವಾದ ಪೆರಿಫೆರೀಕ್‌ಗೆ ಎಳೆಯಬಹುದು. ಒಪ್ಪಬೇಡಿ. ಅಲ್ಲಿ ವೇಗಮಿತಿ 2024ರಿಂದ ಗಂಟೆಗೆ 50. ಬಲದಿಂದ ಒಳನುಗ್ಗುವವರಿಗೇ ಆದ್ಯತೆ. ಮೋಟರ್‌ಸೈಕಲ್‌ಗಳು ಸಾಲುಗಳ ನಡುವೆ ತೂರಿ ಬರುತ್ತವೆ. ಎಡಗಡೆ ಸ್ಟಿಯರಿಂಗ್‌ನ ಕಾರನ್ನು ಮೊದಲ ಸಲ ಹಿಡಿದವರ ಜಾಗ ಅದಲ್ಲ.

ಇಂಗ್ಲೆಂಡಿನಿಂದ ಸ್ವಂತ ಕಾರಿನಲ್ಲಿ ಬರುವವರು ಫೋಕ್‌ಸ್ಟನ್‌ನಲ್ಲಿ ಕಾರನ್ನು ರೈಲಿಗೆ ಹತ್ತಿಸಿದರೆ 35 ನಿಮಿಷಕ್ಕೆ ಕಲೇ. ಅಲ್ಲಿಂದ ಎ26 ಹಿಡಿದು ರಾಂಸ್, ತ್ರುವಾ. ಮುಂದೆ ಎ5ರಲ್ಲಿ ಲಾಂಗ್ರ್ ಕಡೆಗೆ ಹೋಗಿ ಎ31ಕ್ಕೆ ತಿರುಗಿ ಬೋನ್. ಪ್ಯಾರಿಸ್‌ನ ನೆರಳೂ ತಾಗುವುದಿಲ್ಲ. ಬಲಗಡೆ ಸ್ಟಿಯರಿಂಗ್‌ನ ಕಾರಿನ ಹೆಡ್‌ಲೈಟಿಗೆ ಬೆಳಕು ತಿರುಗಿಸುವ ಸ್ಟಿಕ್ಕರ್ ಅಂಟಿಸಬೇಕು. ಹಿಂಬದಿಗೆ ‘ಯುಕೆ’ ಗುರುತು ಬೇಕು. ಹಳೆಯ ‘ಜಿಬಿ’ ಗುರುತು 2021ರಿಂದ ನಡೆಯುವುದಿಲ್ಲ.

ನೆದರ್ಲೆಂಡ್ಸ್, ಬೆಲ್ಜಿಯಂನಿಂದ ಇಳಿಯುವವರು ಲಕ್ಸೆಂಬರ್ಗ್ ದಾಟಿ ಎ31. ಲಕ್ಸೆಂಬರ್ಗ್‌ನಲ್ಲಿ ಇಂಧನ ಫ್ರಾನ್ಸ್‌ಗಿಂತ ಅಗ್ಗ, ಅಲ್ಲಿಯೇ ಟ್ಯಾಂಕ್ ತುಂಬಿಸಿ; ಗಡಿಗೆ ಹತ್ತಿರದ ಬಂಕಿನಲ್ಲಿ ಸಾಲು ಇರುತ್ತದೆ, ತಾಳ್ಮೆ ಇರಲಿ.

ಲಿಯೋಂ ದಾಟುವ ಬಗೆ. ನೇರ ದಾರಿ ಫೂರ್ವಿಯೇರ್ ಸುರಂಗದ ಮೂಲಕ ನಗರದ ಹೊಟ್ಟೆಯನ್ನೇ ಸೀಳಿಕೊಂಡು ಹೋಗುತ್ತದೆ. ಅದು ದೇಶದ ಹೆಸರಾಂತ ಟ್ರಾಫಿಕ್ ಜಾಮ್‌ಗಳಲ್ಲಿ ಒಂದು. ಆನ್ಸ್ ಬಳಿ ಎ6 ಬಿಟ್ಟು ಎ46 ಹಿಡಿಯಿರಿ, ಪೂರ್ವ ವರ್ತುಲ ಎನ್346ರಲ್ಲಿ ಮುಂದುವರಿದು ಮತ್ತೆ ಎ46. ವಿಯೆನ್ ಊರಿಗೆ ಸ್ವಲ್ಪ ಮೊದಲು ಎ7 ಸಿಗುತ್ತದೆ. ಬೆಳಿಗ್ಗೆ 7ರಿಂದ 9:30, ಸಂಜೆ 4ರಿಂದ 7ರ ನಡುವೆ ಲಿಯೋಂ ಹತ್ತಿರ ಬರದಂತೆ ದಿನವನ್ನು ಹೊಂದಿಸಿ.

ಎ7 ಕೆಂಪಾಗಿದ್ದರೆ ಎ75. ಪ್ಯಾರಿಸ್‌ನಿಂದ ಎ10, ಎ71ರಲ್ಲಿ ಓರ್ಲೆಯಾಂ ಮೂಲಕ ಕ್ಲೆರ್ಮೋಂ-ಫೆರಾಂ. ಅಲ್ಲಿಂದ ಬೇಝಿಯೇವರೆಗೆ ಎ75. ಸುಮಾರು 335 ಕಿಲೋಮೀಟರ್ ಉದ್ದದ ಈ ಹೆದ್ದಾರಿಗೆ ಮಿಯೋ ಸೇತುವೆ ಬಿಟ್ಟರೆ ಟೋಲ್ ಇಲ್ಲ. 2004ರ ಡಿಸೆಂಬರ್‌ನಲ್ಲಿ ತೆರೆದ ಆ ಸೇತುವೆಯ ಅತಿ ಎತ್ತರದ ಕಂಬದ ತುದಿ 343 ಮೀಟರ್. ಸೇತುವೆಯ ಟೋಲ್ ಬೇಸಿಗೆಯಲ್ಲಿ ಹೆಚ್ಚು. ಮೋಂಪೆಲಿಯೇಗೆ ಹೋಗುವವರಿಗೆ ಎರಡೂ ದಾರಿ ಹೆಚ್ಚುಕಡಿಮೆ ಸಮ, ಎ75 ಜೇಬಿಗೂ ಕಣ್ಣಿಗೂ ಹಿತ. ನೀಸ್‌ಗೆ ಹೋಗುವವರಿಗೆ ಮಾತ್ರ 150 ಕಿಲೋಮೀಟರ್‌ನಷ್ಟು ಸುತ್ತು. ಎ7 ಕೆಂಪು ಅಥವಾ ಕಪ್ಪು ಇದ್ದ ದಿನವಷ್ಟೇ ಲಾಭ. ಈ ದಾರಿ 1,100 ಮೀಟರ್‌ಗೂ ಮೇಲೆ ಹತ್ತುತ್ತದೆ. ಜನವರಿಯಲ್ಲಿ ಹಿಮ ಬಿದ್ದರೆ ಲಾಭವೆಲ್ಲ ತಲೆಕೆಳಗಾಗುತ್ತದೆ. ಏರು ಹೆಚ್ಚಿರುವುದರಿಂದ ತುಂಬಿದ ಕಾರು ಇಂಧನವನ್ನೂ ಹೆಚ್ಚು ಕುಡಿಯುತ್ತದೆ.

ಟೋಲ್ ಇಲ್ಲದ ಇತರ ಒಳ್ಳೆಯ ದಾರಿಗಳು: ವಿಯೆರ್ಜೋಂನಿಂದ ಬ್ರೀವ್‌ವರೆಗೆ ಎ20, ಕಾಂ–ರೆನ್ ನಡುವಿನ ಎ84, ಬ್ರಿಟನಿಯ ಎನ್12 ಮತ್ತು ಎನ್165, ಪ್ವಾತಿಯೇಯಿಂದ ಅಂಗುಲೆಂ ಮೂಲಕ ಬೋರ್ದೋ ಕಡೆಗೆ ಎನ್10.

ಹಂತ 3: ದಾರಿಯನ್ನು ದಿನಗಳಾಗಿ ಕತ್ತರಿಸಿ

ಫೋನು ತೋರಿಸುವ ಸಮಯದಲ್ಲಿ ಊಟ, ಶೌಚ, ಇಂಧನ, ಟೋಲ್ ಸಾಲು ಯಾವುದೂ ಇಲ್ಲ. ಲೆಕ್ಕ ಹೀಗಿಡಿ: ಹೆದ್ದಾರಿಯಲ್ಲಿ ನಿಲುಗಡೆ ಸೇರಿ ಗಂಟೆಗೆ 90, ಎನ್ ಮತ್ತು ಡಿ ರಸ್ತೆಗಳಲ್ಲಿ 55, ಬೆಟ್ಟದ ದಾರಿಯಲ್ಲಿ 35ರಿಂದ 40 ಕಿಲೋಮೀಟರ್. ಒಬ್ಬರೇ ಓಡಿಸುವುದಾದರೆ ದಿನಕ್ಕೆ 450 ಕಿಲೋಮೀಟರ್ ಮೀರಬೇಡಿ; ಮಕ್ಕಳಿದ್ದರೆ 350. ಎರಡು ಗಂಟೆಗೊಮ್ಮೆ ನಿಲ್ಲಿ.

ಪ್ಯಾರಿಸ್–ನೀಸ್ ದಾರಿಗೆ ನೆಮ್ಮದಿಯ ಹಂಚಿಕೆ: ಮೊದಲ ದಿನ ಬೋನ್‌ವರೆಗೆ, ಸುಮಾರು 320 ಕಿಲೋಮೀಟರ್. ಎರಡನೇ ದಿನ ಬೋನ್‌ನಿಂದ ಆವಿನ್ಯೋಂ, 380ರಷ್ಟು. ಬೆಳಿಗ್ಗೆ ಎಂಟೂವರೆಗೆ ಹೊರಟರೆ ಲಿಯೋಂ ಹತ್ತಿರ ಬರುವಾಗ ಕಚೇರಿ ಗದ್ದಲ ಇಳಿದಿರುತ್ತದೆ. ಮೂರನೇ ದಿನ ಎ8 ಹಿಡಿದು ನೀಸ್, 260. ಮೂರನೇ ದಿನ ಚಿಕ್ಕದಾಗಿ ಇಟ್ಟಿರುವುದಕ್ಕೆ ಕಾರಣ ಕಾನ್‌ನಿಂದ ಮುಂದಿನ ಎ8. ಆ ಭಾಗ ಸಂಜೆ ಹೊತ್ತು ನಿಂತೇ ಇರುತ್ತದೆ. ಮಧ್ಯಾಹ್ನ ಮೂರರೊಳಗೆ ದಾಟಿಬಿಡಿ.

ಬೆಂಗಳೂರಿನಿಂದ ವಿಮಾನದಲ್ಲಿ ಬಂದ ದಿನವೇ ದೂರದ ಡ್ರೈವಿಂಗ್ ಬೇಡ. ರಾತ್ರಿ ನಿದ್ದೆ ಕೆಟ್ಟಿರುತ್ತದೆ. ನಮಗೂ ಫ್ರಾನ್ಸ್‌ಗೂ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಅಲ್ಲಿ ಸಂಜೆ ಏಳಾದಾಗ ದೇಹಕ್ಕೆ ನಡುರಾತ್ರಿ ಹತ್ತಿರ. ದಕ್ಷಿಣ ಫ್ರಾನ್ಸ್ ಮಾತ್ರ ನೋಡುವುದಿದ್ದರೆ ಇನ್ನೊಂದು ಉಪಾಯವಿದೆ. ಚಾರ್ಲ್ಸ್ ಡಿ ಗಾಲ್ ನಿಲ್ದಾಣದ ಟರ್ಮಿನಲ್ 2ರಲ್ಲೇ ಟಿಜಿವಿ ಎಂಬ ಅತಿವೇಗದ ರೈಲು ನಿಲ್ಲುತ್ತದೆ. ಅದರಲ್ಲಿ ಆವಿನ್ಯೋಂಗೆ ಹೋಗಿ ಅಲ್ಲಿಯ ಟಿಜಿವಿ ನಿಲ್ದಾಣದಲ್ಲಿ ಕಾರು ತೆಗೆದುಕೊಂಡರೆ ಸುಮಾರು 700 ಕಿಲೋಮೀಟರ್ ಬೇಸರದ ಹೆದ್ದಾರಿ, ಅದರ ಟೋಲ್, ಇಂಧನ ಎಲ್ಲ ಉಳಿಯಿತು.

ಬೆಟ್ಟದ ದಾರಿಗೆ ಆಸೆಪಡುವವರು ದೂರ ನೋಡಬೇಡಿ, ಸಮಯ ನೋಡಿ. ವೆರ್ದೋಂ ಕಮರಿಯ ಅಂಚಿನಲ್ಲಿ ಮುಸ್ತಿಯೇಯಿಂದ ಕಾಸ್ತೆಲಾನ್‌ಗೆ ಹೋಗುವ ಡಿ952 ಬರಿ 45 ಕಿಲೋಮೀಟರ್, ಆದರೆ ನಿಲ್ಲದೆ ಹೋದರೂ ಗಂಟೆಗೆ ಕಡಿಮೆಯಿಲ್ಲ. 2,764 ಮೀಟರ್ ಎತ್ತರದ ಇಸೆರಾನ್, ಗಾಲಿಬಿಯೇ ಮುಂತಾದ ಘಟ್ಟಗಳು ಶರತ್ಕಾಲದಲ್ಲಿ ಮುಚ್ಚಿದರೆ ಮತ್ತೆ ತೆರೆಯುವುದು ಮೇ ಕೊನೆ ಅಥವಾ ಜೂನ್‌ಗೆ. ಘಟ್ಟದ ಬುಡದಲ್ಲಿ ಫಲಕ ಇರುತ್ತದೆ: ‘ಉವೆರ್’ ಎಂದರೆ ತೆರೆದಿದೆ, ‘ಫೆರ್ಮೆ’ ಎಂದರೆ ಮುಚ್ಚಿದೆ.

ಹಂತ 4: ಟೋಲ್ ಲೆಕ್ಕ

ಟೋಲ್‌ಗೆ ಅಲ್ಲಿ ಪೇಯಾಜ್ ಎನ್ನುತ್ತಾರೆ. ಒರಟು ಅಂದಾಜಿಗೆ ಸಾಧಾರಣ ಕಾರಿಗೆ ನೂರು ಕಿಲೋಮೀಟರಿಗೆ 8ರಿಂದ 10 ಯೂರೋ ಇಟ್ಟುಕೊಳ್ಳಿ. ನಿಖರ ಮೊತ್ತಕ್ಕೆ ವಯಾಮಿಶೆಲಿನ್ ಜಾಲತಾಣದಲ್ಲಿ ದಾರಿ ಹಾಕಿ ನೋಡಿ. ಎರಡು ಮೀಟರ್ ಎತ್ತರದೊಳಗಿನ ಕಾರು ಮೊದಲ ವರ್ಗ. ಏಳು–ಒಂಬತ್ತು ಸೀಟಿನ ವ್ಯಾನ್ ಎರಡು ಮೀಟರ್ ದಾಟಿದರೆ ಎರಡನೇ ವರ್ಗಕ್ಕೆ ಬೀಳುತ್ತದೆ, ದರ ಸಾಕಷ್ಟು ಏರುತ್ತದೆ. ವ್ಯಾನ್ ಬಾಡಿಗೆಗೆ ತೆಗೆಯುವ ಮುನ್ನ ಅದರ ಎತ್ತರ ಕೇಳಿ. ನಗರದ ನೆಲಮಾಳಿಗೆ ಪಾರ್ಕಿಂಗ್‌ಗಳಲ್ಲಿ ಬಾಗಿಲಿನ ಎತ್ತರ 1.90 ಮೀಟರ್ ಇರುವುದೂ ಉಂಟು.

ಪಾವತಿಯ ಕ್ರಮ: ಹೆದ್ದಾರಿ ಹತ್ತುವಾಗ ಯಂತ್ರದಿಂದ ಚೀಟಿ ಎಳೆದುಕೊಳ್ಳಿ, ಇಳಿಯುವಾಗ ಚೀಟಿ ತೂರಿಸಿ ದುಡ್ಡು ಕೊಡಿ. ಚೀಟಿ ಕಳೆದರೆ ಆ ದಾರಿಯ ಅತಿ ದೂರದ ಪ್ರಯಾಣಕ್ಕೆ ಆಗುವಷ್ಟು ವಸೂಲಿ ಮಾಡುತ್ತಾರೆ. ಆದ್ದರಿಂದ ಅದಕ್ಕೆ ಕಾರಿನಲ್ಲಿ ಒಂದೇ ಜಾಗ ನಿಗದಿಮಾಡಿ. ಮೇಲೆ ಹಸಿರು ಬಾಣ ಇರುವ ಸಾಲು ಎಲ್ಲರಿಗೂ. ಕಾರ್ಡಿನ ಚಿತ್ರವಿದ್ದರೆ ಕಾರ್ಡ್ ಮಾತ್ರ. ಕಿತ್ತಳೆ ಬಣ್ಣದ ‘ಟಿ’ ಅಕ್ಷರ ಮಾತ್ರ ಇದ್ದರೆ ಗಾಜಿಗೆ ಎಲೆಕ್ಟ್ರಾನಿಕ್ ಬ್ಯಾಡ್ಜ್ ಅಂಟಿಸಿದವರಿಗೆ. ನಮ್ಮ ಫಾಸ್ಟ್ಯಾಗ್‌ನ ಸಂಬಂಧಿ ಎನ್ನಬಹುದು. ತಪ್ಪು ಸಾಲಿಗೆ ಹೋದರೆ ಹಿಂದಕ್ಕೆ ಮಾತ್ರ ಬರಬೇಡಿ. ಯಂತ್ರದಲ್ಲಿ ಸಹಾಯದ ಗುಂಡಿ ಇದೆ, ಒತ್ತಿ ಕಾಯಿರಿ. ಸಿಬ್ಬಂದಿ ಮಾತಾಡುತ್ತಾರೆ, ಇಂಗ್ಲಿಷ್ ನಡೆಯುತ್ತದೆ.

ಗೇಟೇ ಇಲ್ಲದ ಟೋಲ್. ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. ಪ್ಯಾರಿಸ್‌ನಿಂದ ನಾರ್ಮಂಡಿಗೆ ಹೋಗುವ ಎ13 ಮತ್ತು ಎ14, ಮಧ್ಯ ಫ್ರಾನ್ಸ್‌ನ ಎ79 ಇವುಗಳಲ್ಲಿ ಗೇಟ್ ತೆಗೆದುಹಾಕಿ ಕ್ಯಾಮೆರಾ ಕಮಾನು ನಿಲ್ಲಿಸಿದ್ದಾರೆ. ಫಲಕದ ಮೇಲೆ ‘ಫ್ಲ್ಯೂ ಲೀಬ್ರ್’ ಎಂದಿರುತ್ತದೆ. ಕಾರು ಹಾದುಹೋಗುತ್ತದೆ, ಯಾರೂ ತಡೆಯುವುದಿಲ್ಲ, ರಸ್ತೆ ಪುಕ್ಕಟೆ ಎಂದು ಭಾವಿಸಿ ಖುಷಿಯಾಗುತ್ತದೆ. ಹಾದುಹೋದ 72 ಗಂಟೆಯೊಳಗೆ ಆ ಹೆದ್ದಾರಿ ಕಂಪನಿಯ ಜಾಲತಾಣದಲ್ಲಿ ಕಾರಿನ ನಂಬರ್ ಹಾಕಿ ನೀವೇ ಪಾವತಿಸಬೇಕು. ಮರೆತರೆ ದಂಡ. ಬಾಡಿಗೆ ಕಾರಾದರೆ ದಂಡದ ಪತ್ರ ಮೊದಲು ಬಾಡಿಗೆ ಕಂಪನಿಗೆ ಹೋಗಿ, ಅವರು ನಿಮ್ಮ ಹೆಸರು ಕೊಟ್ಟು, ಅದಕ್ಕೊಂದು ಸೇವಾಶುಲ್ಕವನ್ನೂ ನಿಮ್ಮ ಕಾರ್ಡಿನಿಂದ ಎಳೆದುಕೊಳ್ಳುತ್ತಾರೆ. ಮೋಂ-ಸಾಂ-ಮಿಶೆಲ್, ಹೊನ್‌ಫ್ಲರ್, ಎತ್ರೆತಾ ನೋಡಲು ಹೊರಟವರ ದಾರಿ ಇದೇ ಎ13. ರಾತ್ರಿ ಹೋಟೆಲ್ ಸೇರಿದ ಕೂಡಲೇ ಪಾವತಿಸಲು ಫೋನಿನಲ್ಲಿ ಅಲಾರಂ ಇಡಿ.

ಹಂತ 5: ಇಂಧನ

ಮೊದಲಿಗೆ ಅಪಾಯದ ಮಾತು. ಪಂಪಿನ ಮೇಲೆ ‘ಗಾಝೋಲ್’ ಎಂದಿದ್ದರೆ ಅದು ಡೀಸೆಲ್. ಗ್ಯಾಸೊಲಿನ್ ಎಂದು ಓದಿಕೊಂಡು ಪೆಟ್ರೋಲ್ ಕಾರಿಗೆ ತುಂಬಿಸಿದರೆ ಪ್ರವಾಸ ಅಲ್ಲಿಗೆ ಮುಗಿಯಿತು. ವಿಮೆಯೂ ಸಾಮಾನ್ಯವಾಗಿ ಕೈಹಿಡಿಯುವುದಿಲ್ಲ. ಪೆಟ್ರೋಲ್‌ಗೆ ಅಲ್ಲಿ ‘ಎಸಾನ್ಸ್’ ಎಂದು ಹೆಸರು. ಪಂಪಿನ ಮೇಲೆ ಎಸ್‌ಪಿ95-ಇ10, ಎಸ್‌ಪಿ98 ಎಂದು ಬರೆದಿರುತ್ತದೆ. ಇ85 ಎಂಬುದು ಎಲ್ಲಕ್ಕಿಂತ ಅಗ್ಗ, ಆದರೆ ಅದಕ್ಕೆಂದೇ ಮಾಡಿದ ಎಂಜಿನ್‌ಗೆ ಮಾತ್ರ. ಕಾರಿನ ಇಂಧನ ಮುಚ್ಚಳದ ಒಳಬದಿಯ ಗುರುತನ್ನೂ ಪಂಪಿನ ಗುರುತನ್ನೂ ಹೊಂದಿಸಿ ನೋಡಿ: ವೃತ್ತದೊಳಗೆ ಇ ಇದ್ದರೆ ಪೆಟ್ರೋಲ್, ಚೌಕದೊಳಗೆ ಬಿ ಇದ್ದರೆ ಡೀಸೆಲ್.

ಹೆದ್ದಾರಿಯ ಬಂಕುಗಳಲ್ಲಿ ದರ ಹೆಚ್ಚು. ಲೆಕ್ಲೆರ್, ಕಾರ್‌ಫೂರ್, ಅಂತೆರ್‌ಮಾರ್ಶೆ ಸೂಪರ್‌ಮಾರ್ಕೆಟ್‌ಗಳ ಬಂಕು ಅಗ್ಗ. ಇವು ಹೆದ್ದಾರಿಯಿಂದ ಐದು–ಹತ್ತು ನಿಮಿಷ ಒಳಗೆ ಇರುತ್ತವೆ. ತಂಗುವ ಊರಿನಲ್ಲಿ ಹಿಂದಿನ ಸಂಜೆಯೇ ತುಂಬಿಸಿಟ್ಟರೆ ದಾರಿ ಬಿಟ್ಟು ಇಳಿಯುವ ತಾಪತ್ರಯವಿಲ್ಲ. ನೂರು ಕಿಲೋಮೀಟರಿಗೆ 6 ಲೀಟರ್ ಕುಡಿಯುವ ಕಾರಿಗೆ ಪ್ಯಾರಿಸ್–ನೀಸ್ ದಾರಿಗೆ 56 ಲೀಟರ್ ಸಾಕು. ರಾತ್ರಿ ಮತ್ತು ಭಾನುವಾರ ಸೂಪರ್‌ಮಾರ್ಕೆಟ್ ಬಂಕುಗಳಲ್ಲಿ ಸಿಬ್ಬಂದಿ ಇರುವುದಿಲ್ಲ, ಕಾರ್ಡ್ ಯಂತ್ರ ಮಾತ್ರ. ಯಂತ್ರ ತುಂಬಿಸುವ ಮೊದಲೇ ನೂರಕ್ಕೂ ಹೆಚ್ಚು ಯೂರೋ ತಡೆಹಿಡಿದು, ನಿಜವಾದ ಮೊತ್ತವನ್ನು ಆಮೇಲೆ ಕಡಿತ ಮಾಡುವುದುಂಟು. ಫಾರೆಕ್ಸ್ ಕಾರ್ಡಿನಲ್ಲಿ ಅಷ್ಟು ಬಾಕಿ ಇಲ್ಲದಿದ್ದರೆ ಪಂಪು ಬಾಯಿ ಬಿಡುವುದಿಲ್ಲ.

ಹಂತ 6: ಕಾರು ಮತ್ತು ಕಾಗದಪತ್ರ

ಇದರಲ್ಲಿ ಒಂದು ಕೆಲಸ ಭಾರತ ಬಿಡುವ ಮುನ್ನವೇ ಮುಗಿಯಬೇಕು: ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ಕರ್ನಾಟಕದ ಲೈಸೆನ್ಸ್ ಫ್ರೆಂಚ್ ಭಾಷೆಯಲ್ಲಿ ಇಲ್ಲದ್ದರಿಂದ ಅದರ ಜೊತೆ ಈ ಪರ್ಮಿಟ್ ಅಥವಾ ಅಧಿಕೃತ ಭಾಷಾಂತರ ಬೇಕು. ಪರಿವಾಹನ್ ಸಾರಥಿ ಜಾಲತಾಣದಲ್ಲಿ ನಮೂನೆ 4ಎ ಸಲ್ಲಿಸಿ ನಿಮ್ಮ ಆರ್‌ಟಿಒದಿಂದ ಪಡೆಯಿರಿ. ಒಂದು ವರ್ಷ ಚಾಲ್ತಿ. ಅಂತರಜಾಲದಲ್ಲಿ ಡಾಲರ್ ಕೊಟ್ಟರೆ ಬರುವ ಪುಸ್ತಕಗಳಿಗೆ ಕಾನೂನಿನ ಬೆಲೆ ಇಲ್ಲ. ಮೂಲ ಲೈಸೆನ್ಸ್ ಇಲ್ಲದೆ ಪರ್ಮಿಟ್ ಒಂದೇ ತೋರಿಸಿದರೂ ನಡೆಯದು.

ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆಯನ್ನು ತೆರೆದಿಡಿ. ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ. ಠೇವಣಿಗೆ ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ ಮುಖ್ಯ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತವೆ. ಬುಕ್ ಮಾಡಿದ್ದು ಹೆಂಡತಿಯ ಹೆಸರಿನಲ್ಲಿ, ಕಾರ್ಡ್ ಗಂಡನದು ಎಂದಾದರೆ ಕೌಂಟರಿನಲ್ಲಿ ತಕರಾರು ಗ್ಯಾರಂಟಿ.

ಕಾರು ಆಟೊಮ್ಯಾಟಿಕ್ ಬೇಕೆಂದು ಮೊದಲೇ ಹೇಳಿ. ಎಡಗಡೆ ಕೂತು ಬಲಗೈಯಲ್ಲಿ ಗೇರ್ ಹಾಕುವುದನ್ನು ಕಲಿಯಲು ಹೆದ್ದಾರಿ ತಕ್ಕ ಜಾಗವಲ್ಲ. ಚಿಕ್ಕ ಊರುಗಳ ಬಾಡಿಗೆ ಕಚೇರಿಗಳು ಮಧ್ಯಾಹ್ನ 12ರಿಂದ 2ರವರೆಗೆ ಬಾಗಿಲು ಹಾಕುತ್ತವೆ, ಭಾನುವಾರ ತೆರೆಯದಿರುವುದೂ ಉಂಟು. ಕಾರು ತೆಗೆಯುವ ಮತ್ತು ಒಪ್ಪಿಸುವ ಹೊತ್ತನ್ನು ಅದಕ್ಕೆ ತಕ್ಕಂತೆ ಇಡಿ. ಕಾರಿನಲ್ಲಿ ತ್ರಿಕೋನ ಫಲಕ, ಹೊಳೆಯುವ ಜಾಕೆಟ್ ಕಡ್ಡಾಯ. ಜಾಕೆಟ್ ಡಿಕ್ಕಿಯಲ್ಲಿ ಇರಬಾರದು, ಕೂತಲ್ಲಿಂದ ಕೈಗೆ ಸಿಗಬೇಕು. ಹತ್ತು ವರ್ಷದೊಳಗಿನ ಮಕ್ಕಳಿಗೆ ಅವರ ಮೈಗೆ ಒಪ್ಪುವ ಸೀಟು ಬೇಕು, ಅದೂ ಹಿಂಬದಿಯಲ್ಲಿ.

ಕ್ರಿತೇರ್ ಎಂಬ ಮಾಲಿನ್ಯ ಸ್ಟಿಕ್ಕರ್ ಬಾಡಿಗೆ ಕಾರಿಗೆ ಸಾಮಾನ್ಯವಾಗಿ ಅಂಟಿಸಿಯೇ ಇರುತ್ತದೆ. ಹೊರದೇಶದ ಸ್ವಂತ ಕಾರಿಗೆ ಫ್ರೆಂಚ್ ಸರ್ಕಾರದ ಜಾಲತಾಣದಿಂದಲೇ ತರಿಸಬೇಕು. ಬೆಲೆ ಕೆಲವೇ ಯೂರೋ. ಹೆಚ್ಚು ಕೇಳುವ ತಾಣಗಳು ದಲ್ಲಾಳಿಗಳವು. ಜರ್ಮನಿಯ ಹಸಿರು ಸ್ಟಿಕ್ಕರ್ ಇಲ್ಲಿ ಲೆಕ್ಕಕ್ಕಿಲ್ಲ. ನಗರಗಳ ಈ ಮಾಲಿನ್ಯ ವಲಯಗಳನ್ನು ಉಳಿಸಬೇಕೋ ರದ್ದು ಮಾಡಬೇಕೋ ಎಂದು 2025ರಲ್ಲಿ ಫ್ರೆಂಚ್ ಸಂಸತ್ತಿನಲ್ಲಿ ಹಗ್ಗಜಗ್ಗಾಟ ನಡೆಯಿತು. ಹೊರಡುವ ವಾರ ನೀವು ಹಾಯುವ ನಗರದ ನಿಯಮ ನೋಡಿಕೊಳ್ಳಿ.

ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಆಲ್ಪ್ಸ್, ಪಿರನೀಸ್, ಮಾಸಿಫ್ ಸಾಂತ್ರಾಲ್, ಜುರಾ, ವೋಜ್ ಬೆಟ್ಟಗಳ ಗೊತ್ತುಪಡಿಸಿದ ಊರುಗಳಲ್ಲಿ ಚಳಿಗಾಲದ ಟೈರ್ ಅಥವಾ ಚಕ್ರಕ್ಕೆ ಸುತ್ತುವ ಸರಪಳಿ ಇರಲೇಬೇಕು. ಬಯಲಿನ ನಗರದಲ್ಲಿ ಬಾಡಿಗೆಗೆ ತೆಗೆದ ಕಾರಿನಲ್ಲಿ ಅವು ಇರದಿರಬಹುದು. ಬುಕ್ ಮಾಡುವಾಗಲೇ ಕೇಳಿ ಬರಹದಲ್ಲಿ ಪಡೆಯಿರಿ.

ಹಂತ 7: ಊರುಗಳ ಪಟ್ಟಿ ಬರೆದಿಟ್ಟುಕೊಳ್ಳಿ

ಫ್ರೆಂಚ್ ಫಲಕಗಳು ಉತ್ತರ, ದಕ್ಷಿಣ ಎಂದು ಹೇಳುವುದು ಅಪರೂಪ. ಮುಂದಿನ ಊರಿನ ಹೆಸರು ಹೇಳುತ್ತವೆ. ಡಿ ರಸ್ತೆಗಳ ಸಂಖ್ಯೆ ಜಿಲ್ಲೆಯ ಗಡಿ ದಾಟಿದಾಗ ಬದಲಾಗಲೂಬಹುದು. ಗ್ರೆನೋಬ್ಲ್ ಕಡೆಯಿಂದ ಕಾನ್‌ಗೆ ಇಳಿಯುವ ನೆಪೋಲಿಯನ್ ಮಾರ್ಗ ಎನ್85 ಆಗಿ ಹೊರಟು, ಮುಂದೆ ಡಿ4085 ಆಗಿ, ಕೊನೆಗೆ ಡಿ6085 ಆಗುತ್ತದೆ. ರಸ್ತೆ ಒಂದೇ. ಸಂಖ್ಯೆ ನಂಬಿಕೊಂಡವರು ದಾರಿ ತಪ್ಪಿತೆಂದು ಅರ್ಧದಲ್ಲಿ ಹಿಂದಿರುಗುತ್ತಾರೆ.

ಆದ್ದರಿಂದ ಒಂದು ಚೀಟಿಯಲ್ಲಿ ದಿನಕ್ಕೊಂದು ಸಾಲು. ಮೊದಲ ದಿನ: ಮಾರ್ನ್-ಲಾ-ವಾಲೇ, ಲಿಯೋಂ, ಬೋನ್. ಎರಡನೇ ದಿನ: ಲಿಯೋಂ, ಆನ್ಸ್ ಬಳಿ ಎ46, ಮಾರ್ಸೇ, ಆವಿನ್ಯೋಂ. ಮೂರನೇ ದಿನ: ಎಕ್ಸ್-ಆನ್-ಪ್ರೊವಾನ್ಸ್, ನೀಸ್. ಹೆಸರುಗಳನ್ನು ಫಲಕದಲ್ಲಿ ಕಾಣುವ ಅಕ್ಷರಗಳಲ್ಲೇ ಬರೆದುಕೊಳ್ಳಿ, ಉಚ್ಚಾರಣೆ ನಂಬಿ ಬರೆದರೆ ಗುರುತು ಹತ್ತುವುದಿಲ್ಲ. ಚೀಟಿ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ.

ನೀಲಿ ಫಲಕ ಹೆದ್ದಾರಿಗೆ, ಹಸಿರು ದೊಡ್ಡ ಊರುಗಳಿಗೆ, ಬಿಳಿ ಸ್ಥಳೀಯ ಊರುಗಳಿಗೆ. ಊರೊಳಗೆ ಕಂಗೆಟ್ಟರೆ ‘ತುತ್ ದಿರೆಕ್ಸಿಯೋಂ’ ಎಂಬ ಫಲಕ ಹಿಡಿಯಿರಿ; ಎಲ್ಲ ಊರುಗಳ ದಾರಿಗೂ ಅದು ಹೊರಗೆ ತಂದು ಬಿಡುತ್ತದೆ. ನಿಮ್ಮ ಊರಿನ ಹೆಸರಿಲ್ಲದ ಕಡೆ ‘ಓತ್ರ್ ದಿರೆಕ್ಸಿಯೋಂ’ ಎಂಬುದೇ ನಿಮ್ಮದು. ಹಳದಿ ಫಲಕದ ‘ದೇವಿಯಾಸಿಯೋಂ’ ಕಂಡರೆ ಫೋನು ಏನೇ ಹೇಳಲಿ, ಫಲಕದ ಮಾತು ಕೇಳಿ. ನಕ್ಷೆಯನ್ನು ಮುಂಚೆಯೇ ಫೋನಿಗೆ ಇಳಿಸಿಕೊಂಡಿರಿ; ಬೆಟ್ಟದ ಕಡೆ ಸಿಗ್ನಲ್ ಕೈಕೊಡುತ್ತದೆ.

ಹಂತ 8: ಓಡಿಸುವಾಗ ಎಡವುವ ಜಾಗಗಳು

ವೇಗಮಿತಿ ಹೆದ್ದಾರಿಯಲ್ಲಿ 130, ಮಳೆ ಬಂದರೆ 110. ನಡುವೆ ತಡೆಗೋಡೆ ಇರುವ ಜೋಡಿ ರಸ್ತೆಯಲ್ಲಿ 110, ಮಳೆಯಲ್ಲಿ 100. ಊರ ಹೊರಗಿನ ಸಾಮಾನ್ಯ ರಸ್ತೆಯಲ್ಲಿ 80. ಕೆಲವು ಜಿಲ್ಲೆಗಳು 90ಕ್ಕೆ ಮರಳಿವೆ, ಅಲ್ಲಿ ಫಲಕ ಇರುತ್ತದೆ. ಊರೊಳಗೆ 50. ಊರು ಶುರುವಾದಾಗ ವೇಗದ ಫಲಕವನ್ನು ಹುಡುಕಬೇಡಿ: ಕೆಂಪು ಅಂಚಿನ ಊರಹೆಸರಿನ ಫಲಕವೇ 50ರ ಆಜ್ಞೆ. ಅದೇ ಹೆಸರಿನ ಮೇಲೆ ಗೆರೆ ಎಳೆದಿದ್ದರೆ ಊರು ಮುಗಿಯಿತು. ಪ್ಯಾರಿಸ್ ಮತ್ತು ಲಿಯೋಂನ ಬಹುಪಾಲು ಬೀದಿಗಳಲ್ಲಿ 30.

ಬಲದಿಂದ ಬರುವವರಿಗೆ ಆದ್ಯತೆ ಎಂಬ ನಿಯಮ ನಮ್ಮವರಿಗೆ ದೊಡ್ಡ ಗಂಡಾಂತರ. ಫಲಕ, ಗೆರೆ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯ ಸಣ್ಣ ಗಲ್ಲಿಯಿಂದ ಬರುವ ಕಾರು ನಿಲ್ಲದೆ ನುಗ್ಗುತ್ತದೆ, ಅದಕ್ಕೆ ಹಕ್ಕಿದೆ. ಹಳದಿ ವಜ್ರಾಕಾರದ ಫಲಕ ಇದ್ದರೆ ಆದ್ಯತೆ ನಿಮ್ಮದು. ಅದರ ಮೇಲೆ ಕಪ್ಪು ಗೆರೆ ಬಿದ್ದರೆ ಆದ್ಯತೆ ಮುಗಿಯಿತು. ವೃತ್ತಗಳಲ್ಲಿ ಬಹುತೇಕ ಒಳಗಿರುವವರಿಗೆ ಆದ್ಯತೆ, ಅವರು ಎಡದಿಂದ ಬರುತ್ತಾರೆ. ನಮ್ಮ ಕಣ್ಣು ಅಭ್ಯಾಸಬಲದಿಂದ ಬಲಕ್ಕೆ ಹೊರಳುತ್ತದೆ, ಬಲವಂತವಾಗಿ ಎಡಕ್ಕೆ ತಿರುಗಿಸಿ. ಸಿಗ್ನಲ್ ದೀಪ ಕೂಡುರಸ್ತೆಯ ಆಚೆ ಬದಿಯಲ್ಲಿ ಇರುವುದಿಲ್ಲ, ಈಚೆ ನಿಲ್ಲುವ ಗೆರೆಯ ಬಳಿಯೇ ಇರುತ್ತದೆ. ಗೆರೆ ದಾಟಿ ನಿಂತರೆ ಬಣ್ಣ ಬದಲಾದದ್ದೇ ಗೊತ್ತಾಗದು.

ಹೆದ್ದಾರಿಯಲ್ಲಿ ಬಲ ಪಥವೇ ನಿಮ್ಮ ಮನೆ. ಎಡಕ್ಕೆ ಹೋಗುವುದು ದಾಟಲು ಮಾತ್ರ, ದಾಟಿದ ಮೇಲೆ ಮತ್ತೆ ಬಲಕ್ಕೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಓಡಿಸುವುದು ನಿಷಿದ್ಧ. ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ, ಬೋನ್‌ನಲ್ಲಿ ವೈನ್ ರುಚಿ ನೋಡುವ ಆಸೆ ಇದ್ದರೆ ಅದು ಕಾರು ನಿಲ್ಲಿಸಿದ ಸಂಜೆಗೆ ಇರಲಿ.

ಹಂತ 9: ಯೋಜನೆ ಬದಲಿಸಬೇಕಾದ ಸೂಚನೆಗಳು

ರೇಡಿಯೊದಲ್ಲಿ 107.7 ಹಾಕಿ. ಹೆದ್ದಾರಿಯ ಸಂಚಾರ ಸುದ್ದಿ ಅದರಲ್ಲಿ ಬರುತ್ತದೆ. ರಸ್ತೆಯ ಮೇಲಿನ ವಿದ್ಯುತ್ ಫಲಕದಲ್ಲಿ ‘ಬೂಶೋಂ’ ಎಂದರೆ ಜಾಮ್, ‘ಆಕ್ಸಿದಾಂ’ ಎಂದರೆ ಅಪಘಾತ. ಲಿಯೋಂಗೆ ಮೊದಲೇ ಎ7ರಲ್ಲಿ ಒಂದು ಗಂಟೆಗಿಂತ ಹೆಚ್ಚು ವಿಳಂಬ ಎಂದು ಕಂಡರೆ ನುಗ್ಗಬೇಡಿ, ಮಾಕೋಂನಂಥ ಊರಿಗೆ ಇಳಿದು ಊಟ ಮಾಡಿ. ಎಲ್ಲರೂ ಹೆದ್ದಾರಿ ಬಿಟ್ಟು ಪಕ್ಕದ ಎನ್7ಗೆ ಇಳಿದರೆ ಅದೂ ಕಟ್ಟಿಕೊಳ್ಳುತ್ತದೆ; ಅದರ ವೃತ್ತ, ಸಿಗ್ನಲ್‌ಗಳ ನಡುವೆ ಉಳಿದ ಸಮಯ ಕರಗುತ್ತದೆ. ಚಾಲಕರಿಗೆ ಒಂದೇ ಫಲಕವನ್ನು ಎರಡು ಸಲ ಓದಬೇಕಾದರೆ, ಹೆದ್ದಾರಿಯ ಗೆರೆಯ ಮೇಲೆ ಚಕ್ರ ಹತ್ತಿ ಸದ್ದು ಬಂದರೆ ಅದು ನಿದ್ದೆ. ಮುಂದಿನ ‘ಏರ್’ ಎಂಬ ವಿಶ್ರಾಂತಿ ತಾಣ ಹತ್ತು–ಹದಿನೈದು ನಿಮಿಷದೊಳಗೆ ಸಿಗುತ್ತದೆ, ಇಪ್ಪತ್ತು ನಿಮಿಷ ಮಲಗಿ. ಸಾಮಾನು ಕಾಣುವಂತೆ ಬಿಟ್ಟು ಎಲ್ಲರೂ ಇಳಿದು ಹೋಗಬೇಡಿ. ಪಾಸ್‌ಪೋರ್ಟ್ ಮೈಮೇಲೆ ಇರಲಿ.

ಕಾರು ಕೆಟ್ಟರೆ ಕ್ರಮ ಇದು: ಬಲಬದಿಯ ಅಂಚಿಗೆ ತಂದು ನಾಲ್ಕೂ ದೀಪ ಮಿಣುಕಿಸಿ. ಜಾಕೆಟ್ ಹಾಕಿಕೊಂಡು ಬಲ ಬಾಗಿಲಿನಿಂದ ಇಳಿಯಿರಿ. ಎಲ್ಲರೂ ತಡೆಗಂಬಿಯ ಆಚೆ ಹೋಗಿ ನಿಲ್ಲಿ. ಹೆದ್ದಾರಿಯಲ್ಲಿ ತ್ರಿಕೋನ ಇಡಲು ನಡೆದು ಹೋಗುವುದು ಅಪಾಯ. ಸುಮಾರು ಎರಡು ಕಿಲೋಮೀಟರಿಗೊಂದರಂತೆ ಕಿತ್ತಳೆ ಬಣ್ಣದ ತುರ್ತು ಫೋನಿದೆ. ನಿಮ್ಮ ಜಾಗ ಅದಕ್ಕೇ ಗೊತ್ತಾಗುತ್ತದೆ. ಮೊಬೈಲಿನಿಂದಾದರೆ 112. ಹೆದ್ದಾರಿಯಲ್ಲಿ ನಿಮಗೆ ಬೇಕಾದ ಗ್ಯಾರೇಜನ್ನು ಕರೆಸುವಂತಿಲ್ಲ. ಅನುಮತಿ ಪಡೆದವರೇ ಬಂದು ಸರ್ಕಾರ ನಿಗದಿಪಡಿಸಿದ ದರಕ್ಕೆ ಎಳೆದೊಯ್ಯುತ್ತಾರೆ. ರಸೀದಿ ಇಟ್ಟುಕೊಳ್ಳಿ, ವಿಮೆಗೆ ಬೇಕು.

ಹಂತ 10: ಕಾರು ಒಪ್ಪಿಸಿದ ಮೇಲೆ

ಒಪ್ಪಿಸುವ ಮುನ್ನ ಕಾರಿನ ನಾಲ್ಕು ಬದಿ, ಚಕ್ರಗಳು, ಇಂಧನದ ಮುಳ್ಳು, ಓಡೋಮೀಟರ್ ಎಲ್ಲದರ ಫೋಟೊ ತೆಗೆಯಿರಿ. ಗೇಟಿಲ್ಲದ ಟೋಲ್ ಬಾಕಿ ಇದೆಯೇ ಎಂದು ಕಾರಿನ ನಂಬರ್ ಹಾಕಿ ಕೊನೆಯ ಸಲ ನೋಡಿ. ವೇಗದ ಕ್ಯಾಮೆರಾಗೆ ಸಿಕ್ಕಿದ್ದರೆ ದಂಡದ ಪತ್ರ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಬೆಂಗಳೂರಿನ ವಿಳಾಸಕ್ಕೆ ಬರುತ್ತದೆ. ಮೊದಲೇ ಬಾಡಿಗೆ ಕಂಪನಿ ಕಾರ್ಡಿನಿಂದ ಕಡಿದದ್ದು ಅವರ ಸೇವಾಶುಲ್ಕ. ದಂಡ ತೀರಿತೆಂದು ತಿಳಿಯಬೇಡಿ. 135 ಯೂರೋ ದಂಡವನ್ನು ಬೇಗ ಕಟ್ಟಿದರೆ 90ಕ್ಕೆ ಇಳಿಯುತ್ತದೆ, ಗಡುವು ಮೀರಿದರೆ 375ಕ್ಕೆ ಏರುತ್ತದೆ. ಪತ್ರದಲ್ಲಿರುವ ಸಂಖ್ಯೆ ಬಳಸಿ ಫ್ರೆಂಚ್ ಸರ್ಕಾರದ ದಂಡ ಪಾವತಿ ತಾಣದಲ್ಲಿ ಕಾರ್ಡಿನಿಂದ ಕಟ್ಟಬಹುದು. ಇಂಗ್ಲಿಷ್ ಪುಟ ಅಲ್ಲೇ ಇದೆ. ಕಟ್ಟಿದ ರಸೀದಿಯನ್ನು ಮುಂದಿನ ಶೆಂಗೆನ್ ವೀಸಾ ಕಾಗದಗಳ ಜೊತೆಗೇ ಇಟ್ಟುಬಿಡಿ.